ಕೂದಲು ಬೇಲಿಯಲ್ಲ

ನಮ್ಮ ಊರಿಗೆ ಬನದ ತಾಯಿ ಕೊಟ್ಟ ಅಪ್ಪಣೆ ಒಂದೇ: ಹಿತ್ತಿಲಿಗೆ ಬೇಲಿ ಹಾಕಬೇಡಿ.

ಮಣ್ಣು ಕೊಟ್ಟಳು, ನೀರು ಕೊಟ್ಟಳು, ಬೀಜ ಕೊಟ್ಟಳು, ಮನೆಗೊಂದು ಹಿತ್ತಿಲು ಅಳೆದುಕೊಟ್ಟಳು. ಕೊಟ್ಟಾದ ಮೇಲೆ ಬನದೊಳಗೆ ಹೋಗಿ ಕೂತಳು. ಅಲ್ಲಿ ಅವಳ ಜೊತೆಗಿರುವುದು ಜಿಂಕೆಗಳು, ಅವಳ ಮಂದೆ. ಬೆಳಗಿನ ಹೊತ್ತು ಅವು ಊರಿಗೆ ಬರುತ್ತವೆ. ಹಿತ್ತಿಲಿನ ಅಂಚಿನಲ್ಲಿ ನಿಂತು ನಾಲ್ಕು ಬಾಯಿ ಅವರೆಯ ಕುಡಿ, ಎರಡು ಬಾಯಿ ಹರಿವೆ ತಿಂದು ತಿರುಗಿ ಹೋಗುತ್ತವೆ. ತಾಯಿ ತನ್ನ ಪಾಲನ್ನು ಆ ಬಾಯಿಗಳಿಂದ ತೆಗೆದುಕೊಳ್ಳುತ್ತಾಳೆ. ಇದನ್ನು ನಾನು ಬುದ್ಧಿ ಬಂದಾಗಿನಿಂದ ನಂಬಿದ್ದೇನೆ. ನಂಬಿದ್ದರಿಂದ ನನಗೆ ಒಂದು ಸೌತೆಕಾಯಿಯೂ ಕಡಿಮೆಯಾಗಿಲ್ಲ.

ಊರಿನವರೂ ನಂಬುತ್ತಾರೆ. ಬೇಲಿ ಎಂಬ ಮಾತು ಕಿವಿಗೆ ಬಿದ್ದರೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ನಮ್ಮ ಊರನ್ನು ಒಂದು ಸುತ್ತು ಬಂದು ನೋಡಿ, ಒಂದು ಮುಳ್ಳುಕಂಟಿ ಸಿಗುವುದಿಲ್ಲ, ಒಂದು ಬಿದಿರ ತಡಿಕೆ ಸಿಗುವುದಿಲ್ಲ. ಅಷ್ಟು ಭಕ್ತಿ.

ಅವರು ಕೂದಲು ಕಟ್ಟುತ್ತಾರೆ.

ಜಿಂಕೆಗೆ ಮನುಷ್ಯರ ವಾಸನೆ ಆಗದು. ಕೂದಲಿನಲ್ಲಿ ಆ ವಾಸನೆ ತಿಂಗಳು ನಿಲ್ಲುತ್ತದೆ. ಹಿತ್ತಿಲಿನ ನಾಲ್ಕೂ ಕಡೆ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಹಗ್ಗ ಎಳೆದು, ಮಾರಿಗೊಂದರಂತೆ ಕೂದಲಿನ ಗಂಟನ್ನು ಜಿಂಕೆಯ ಮೂಗಿನ ಎತ್ತರಕ್ಕೆ ತೂಗುಬಿಡುತ್ತಾರೆ. ಗೂಟ ಯಾಕೆ ಎಂದು ಕೇಳಿದರೆ, ಹೀರೆಬಳ್ಳಿ ಹಬ್ಬುವುದಕ್ಕೆ. ಹಗ್ಗ ಯಾಕೆ ಎಂದರೆ, ಬಟ್ಟೆ ಒಣಗಿಸುವುದಕ್ಕೆ. ಕೂದಲು ಯಾಕೆ? ಅದಕ್ಕೆ ಉತ್ತರ ಎಲ್ಲರಿಗೂ ಬಾಯಿಪಾಠ: ಕೂದಲು ಬೇಲಿಯಲ್ಲ. ಆಳುವ ತಾಯಿಗೆ ಎಳೆಮಗುವಿಗೂ ಹೇಳದಂಥ ಸುಳ್ಳನ್ನು ಹೇಳಿ, ಸಾಯಂಕಾಲ ಅವಳ ಮುಂದೆಯೇ ದೀಪ ಹಚ್ಚಿ ಕೈ ಮುಗಿಯುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಳು ಅವರನ್ನು ಎಂದೋ ಕ್ಷಮಿಸಿರುತ್ತಾಳೆ. ನನಗಿನ್ನೂ ಸಾಧ್ಯವಾಗಿಲ್ಲ, ಪ್ರಯತ್ನ ಮಾಡುತ್ತಿದ್ದೇನೆ.

ನನ್ನನ್ನು ಹೊರಗಿಟ್ಟು ಹೇಳುತ್ತಿಲ್ಲ. ಆ ಊರಿನ ಕ್ಷೌರಿಕ ನಾನು. ಮೂವತ್ತು ವರ್ಷ ಆ ತಲೆಗಳನ್ನೆಲ್ಲ ಬೋಳಿಸಿದ ಕೈ ಇದೇ.

ನನ್ನ ಅಪ್ಪ ನನಗೆ ಎರಡು ಕ್ರಮ ಕಲಿಸಿದ್ದ. ಹಿತ್ತಿಲಿಗೆ ತೆಗೆಯುವ ಕೂದಲು ಬೇರೆ, ತಾಯಿಗೆ ಕೊಡುವ ಮುಡಿ ಬೇರೆ. ಹಿತ್ತಿಲಿಗಾದರೆ ತಲೆ ಒಣಗಿರಬೇಕು. ಒದ್ದೆಯಾದರೆ ವಾಸನೆ ಹೋಗುತ್ತದೆ. ಬನಕ್ಕೆ ಬೆನ್ನು ಮಾಡಿ, ತಮ್ಮ ಹಿತ್ತಿಲಿಗೆ ಮುಖ ಮಾಡಿ ನಿಲ್ಲಬೇಕು. ನಾನು ಹಿಂದಿನಿಂದ ಕತ್ತು ಹಿಡಿದು ಕತ್ತರಿ ಆಡಿಸುತ್ತೇನೆ. ಕತ್ತರಿ ಆಡುವಷ್ಟು ಹೊತ್ತೂ ಅವರು "ನನ್ನದು, ನನ್ನದು, ನನ್ನದು" ಎನ್ನುತ್ತಿರಬೇಕು. ಮಾತು ಕೂದಲಿಗೆ ಇಳಿಯುತ್ತದಂತೆ. ಮುಡಿಯಾದರೆ ಬನಕ್ಕೆ ಮುಖ ಮಾಡಿ ಕೂರಬೇಕು. ಅರಿಶಿನದ ನೀರಿನಲ್ಲಿ ತಲೆ ನೆನೆಸಬೇಕು. ಮೊದಲು ಮೂರು ಎಳೆ, ಆಮೇಲೆ ಉಳಿದದ್ದು. ಕೊಡುವವರು ಒಂದೇ ಒಂದು ಸಲ "ನಿನ್ನದು" ಎಂದರೆ ಸಾಕು. ತಾಯಿಗೆ ಕಿವಿ ಮಂದವಿಲ್ಲ.

ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಊರ ಯಜಮಾನನ ಜಗಲಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಗಂಡಸರು, ಹೆಂಗಸರು, ಮದುವೆ ಗೊತ್ತಾದ ಹುಡುಗಿಯರು. ಒಂದು ಬೆರಳಗಲ ಬೆಳೆದಿರುತ್ತಿತ್ತು, ಅದನ್ನೂ ತೆಗೆಯುತ್ತಿದ್ದೆ. ನನ್ನದು, ನನ್ನದು, ನನ್ನದು. ಹೊತ್ತು ಏರುವಷ್ಟರಲ್ಲಿ ಜಗಲಿಯ ಮುಂದೆ ಕರಿಯ ಗುಡ್ಡೆ, ಬೀದಿಯ ತುಂಬ ಹೊಳೆಯುವ ತಲೆ.

ಹೀಗೆ ಕಾದ ಹಿತ್ತಿಲಿನಲ್ಲಿ ಬೆಳೆದದ್ದನ್ನು ತಿಂದು ಮುಗಿಸುವ ಹೊಟ್ಟೆ ಊರಿನಲ್ಲಿರಲಿಲ್ಲ. ಸೌತೆ ಬಳ್ಳಿಯಲ್ಲೇ ಹಳದಿಯಾಗಿ ಒಡೆಯುತ್ತಿತ್ತು. ಹೀರೆ ನಾರಾಗುತ್ತಿತ್ತು. ಬದನೆ ಗಿಡದಲ್ಲೇ ಕೊಳೆಯುತ್ತಿತ್ತು, ಕೊಳೆತದ್ದನ್ನು ಗುಂಡಿಗೆ ಸುರಿಯುತ್ತಿದ್ದರು. ಕೊಳೆತದ್ದೂ ಜಿಂಕೆಗೆ ಸಿಗಬಾರದು ಎಂದು ಗುಂಡಿಯ ಸುತ್ತಲೂ ಕೂದಲು ಕಟ್ಟುತ್ತಿದ್ದರು. ಹುಳ ತಿನ್ನಲಿ, ಅಡ್ಡಿಯಿಲ್ಲ.

ಊರಿನಲ್ಲಿ ಕೂದಲಿದ್ದ ತಲೆ ಒಂದೇ. ಮುಡಿ ಹರಕೆ ಹೊತ್ತವರ ತಲೆಯನ್ನು ಮುಟ್ಟಬಾರದು ಎಂಬ ಕಟ್ಟಳೆ ಇತ್ತು, ಆ ಹರಕೆ ಹೊತ್ತವಳು ಒಬ್ಬಳಿದ್ದಳು. ಅವಳನ್ನು ಎಲ್ಲರೂ ಮುಡಿಯವಳು ಎನ್ನುತ್ತಿದ್ದರು. ಅವಳ ಮಗು ನಡೆಯುತ್ತಿರಲಿಲ್ಲ. ಓರಗೆಯ ಮಕ್ಕಳು ಹೆಜ್ಜೆ ಇಟ್ಟಾಗ ಇಡಲಿಲ್ಲ, ಓಡಿದಾಗ ತೆವಳಿತು. ಮಗು ನಡೆದ ದಿನ ಮುಡಿ ಕೊಡುತ್ತೇನೆ ತಾಯೀ ಎಂದು ಅವಳು ಹೇಳಿಕೊಂಡು ಮೂರು ವರ್ಷವಾಗಿತ್ತು. ಮೂರು ವರ್ಷದಲ್ಲಿ ಕೂದಲು ಸೊಂಟ ಮುಟ್ಟಿತ್ತು. ಕಂಕುಳಿನಲ್ಲಿ ಮಗು, ಬೆನ್ನ ಮೇಲೆ ಕೂದಲು, ಎರಡನ್ನೂ ಹೊತ್ತು ಅವಳು ಬೀದಿಯಲ್ಲಿ ಹೋದರೆ ಬೋಳುತಲೆಗಳು ತಿರುಗಿ ನೋಡುತ್ತಿದ್ದವು. ಮಗುವನ್ನಲ್ಲ.

ಆ ವರ್ಷ ಜಿಂಕೆಗಳು ಕಲಿತವು.

ಮೊದಲು ಒಂದು ಮರಿ ಹಗ್ಗದ ಕೆಳಗೆ ನುಸುಳಿತು. ಆಮೇಲೆ ಒಂದು ಗಂಡು ಜಿಂಕೆ ಯಜಮಾನನ ಹಿತ್ತಿಲಿಗೆ ಬಂದು, ಅವನ ತಲೆಯಿಂದಲೇ ತೆಗೆದ ಕೂದಲಿನ ಗಂಟಿಗೆ ನಿಧಾನವಾಗಿ ಕೊಂಬು ಉಜ್ಜಿ ತುರಿಸಿಕೊಂಡು, ನಾಲ್ಕು ಬಾಯಿ ಅವರೆ ತಿಂದು ಹೋಯಿತು. ಅಷ್ಟಕ್ಕೇ ಯಜಮಾನ ಮೂರು ದಿನ ಊಟ ಬಿಟ್ಟ. ಮನೆಯಲ್ಲಿ ಕಳೆದ ವರ್ಷದ ಅವರೆ ಎರಡು ಮಣ್ಣಿನ ವಾಡೆ ತುಂಬ ಇತ್ತು. ಅದಕ್ಕೆ ಹುಳ ಬಿದ್ದಿತ್ತು ಎನ್ನುವುದು ಬೇರೆ.

ನಾಲ್ಕನೆಯ ದಿನ ಬೆಳಿಗ್ಗೆ ಊರನ್ನು ಕರೆಸಿದ.

"ಕೂದಲು ಸತ್ತುಹೋಗಿದೆ," ಎಂದ. "ಬೆರಳಗಲದ ಕೂದಲಿಗೆ ಜಿಂಕೆ ಹೆದರುತ್ತಿಲ್ಲ. ಉದ್ದನೆಯದು ಬೇಕು. ವಾಸನೆ ಇರೋದು ಬೇಕು."

"ಎಲ್ಲಿಂದ ತರೋಣ ಸ್ವಾಮಿ?" ಎಂದು ಒಬ್ಬ ತಲೆ ಸವರಿಕೊಂಡ. "ಇಲ್ಲಿ ಬೆಳೆಯೋದು ಬೆವರು ಒಂದೇ."

ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಮುಡಿಯವಳು ಕೊನೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಬಾಯಿ ತೆರೆದವಳು ಅವಳ ಅತ್ತೆ. "ನಮ್ಮ ಸೊಸೆ ತಲೇಲಿ ಮೂರು ವರ್ಷದ ಬೆಳೆ ಇದೆ ನೋಡಿ. ನಮ್ಮ ಹಿತ್ತಲಲ್ಲಿ ಇಷ್ಟು ಹುಲುಸಾಗಿ ಏನೂ ಬಂದಿಲ್ಲ."

"ಇದು ತಾಯಿದು ಅತ್ತೆ," ಎಂದಳು ಮುಡಿಯವಳು. "ಮಗು ನಡೆದ ದಿನ ಕೊಡ್ತೀನಿ ಅಂದಿದೀನಿ."

"ನಡೆಯೋ ಮಗು ಆಗಿದ್ರೆ ಇಷ್ಟು ಹೊತ್ತಿಗೆ ನಡೀತಿರಲಿಲ್ವೇನೇ? ಚೀಲ ಹೊತ್ತ ಹಾಗೆ ಹೊತ್ಕೊಂಡು ತಿರುಗ್ತೀಯ. ಚೀಲಕ್ಕೆ ಕಾಲು ಬರುತ್ತಾ?"

ಯಾರೂ ಛೆ ಎನ್ನಲಿಲ್ಲ. ಎದುರಿಗೆ ನಿಂತ ಹೆಂಗಸೊಬ್ಬಳು ನೆತ್ತಿಯಿಂದ ಸೊಂಟದವರೆಗೆ ಕಣ್ಣಿನಲ್ಲೇ ಅಳೆದು, "ಇಡೀ ಊರಿಗೆ ಆಗುತ್ತೆ. ಮನೆಗೊಂದು ಜಡೆ," ಎಂದಳು.

ಯಜಮಾನ ಕಣ್ಣು ಮುಚ್ಚಿದ. ಶಾಸ್ತ್ರ ಹೇಳುವಾಗ ಅವನು ಕಣ್ಣು ಮುಚ್ಚುತ್ತಾನೆ. ತೆರೆದಿದ್ದರೆ ಎದುರಿಗಿರುವವರ ಮುಖ ಕಾಣುತ್ತದಲ್ಲ. "ಹರಕೆ ಮುರಿಯೋದು ಬೇಡ," ಎಂದ. "ತಾಯಿಗೆ ಕೊಡ್ತೀನಿ ಅಂದೆ, ಸರಿ. ಊರು ಯಾರದು? ತಾಯಿದು. ಊರಿಗೆ ಕೊಟ್ಟರೆ ತಾಯಿಗೆ ಕೊಟ್ಟ ಹಾಗೇ ಆಯಿತು."

"ಹಾಗಾದ್ರೆ ಜಿಂಕೆ ಯಾರದು?" ಎಂದು ಮುಡಿಯವಳು ಕೇಳಿದಳು.

ಯಜಮಾನ ಕಣ್ಣು ತೆರೆಯಲಿಲ್ಲ.

"ಅದು ಬೇರೆ ವಿಷಯ," ಎಂದ ಯಜಮಾನ.

ಅವಳ ಗಂಡನನ್ನು ಕೇಳಿದರು. ಅವನು ಅಮ್ಮನ ಮುಖ ನೋಡಿದ, ಯಜಮಾನನ ಮುಖ ನೋಡಿದ, ತಲೆಯಾಡಿಸಿದ. ಕೂದಲಿಲ್ಲದ ತಲೆ, ಆಡಿಸಲು ಹಗುರ. ಮಾರನೆಯ ದಿನ ಅಮಾವಾಸ್ಯೆ. ಅಂದೇ ಕತ್ತರಿಸುವುದೆಂದು ನಿಶ್ಚಯವಾಯಿತು.

ಅವತ್ತು ಮಧ್ಯಾಹ್ನ ಅವಳು ನನ್ನ ಮನೆಗೆ ಬಂದಳು. ನಾನು ಹೊಸ್ತಿಲಲ್ಲಿ ಕೂತು ಕತ್ತರಿ ಮಸೆಯುತ್ತಿದ್ದೆ. ಮಗುವನ್ನು ಕೆಳಗಿಳಿಸಿ, ಕಲ್ಲಿನ ಮೇಲೆ ಹೋಗಿ ಬರುವ ಕತ್ತರಿಯನ್ನೇ ನೋಡುತ್ತ ನಿಂತಳು.

"ನೀನೇ ಕತ್ತರಿಸ್ತೀಯಾ?"

"ಹೌದಮ್ಮ."

"ನಾಚಿಕೆ ಆಗಲ್ವಾ?"

"ಆಗುತ್ತೆ."

"ಆದರೂ?"

"ನಾನು ಆಗಲ್ಲ ಅಂದ್ರೆ ಕುಡುಗೋಲು ತರ್ತಾರೆ. ಗಂಡಸರು ನಾಲ್ಕು ಜನ ನಿನ್ನ ಕೈಕಾಲು ಹಿಡೀತಾರೆ. ಆವಾಗಲೂ ಹೇಳ್ತಾರೆ, ಕುಡುಗೋಲು ಕತ್ತರಿಯಲ್ಲ ಅಂತ."

ಅವಳು ನಗಲಿಲ್ಲ. ಮಗು ತೆವಳುತ್ತ ಬಂದು ನನ್ನ ಬಟ್ಟಲಿಗೆ ಕೈ ಹಾಕಿ ಬಾಚಣಿಗೆ ಎತ್ತಿಕೊಂಡಿತು. ಅವಳ ಕಣ್ಣು ತುಂಬಿದ್ದು ಆಗ. "ನಡೆದ ಮೇಲೆ ಕೊಡ್ತೀನಿ ಅಂದಿದ್ದೆ. ನಾಳೆ ಇವರ ಹಗ್ಗಕ್ಕೆ ಹೋಗುತ್ತೆ. ಆಮೇಲೆ ತಾಯಿ ಮುಂದೆ ಯಾವ ಮುಖ ಇಟ್ಕೊಂಡು ಕೇಳಲಿ? ನನ್ನ ಹತ್ತಿರ ಬೇರೆ ಏನಿದೆ?"

ನಾನು ಸ್ವಲ್ಪ ಹೊತ್ತು ಮಸೆದೆ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಹೆದರುತ್ತಿತ್ತು. ಮೂವತ್ತು ವರ್ಷ ಬಗ್ಗಿದ ಬೆನ್ನು ನನ್ನದು.

"ನಡೆಯೋದಕ್ಕೆ ಮೊದಲೇ ಕೊಟ್ಟರೆ?" ಎಂದೆ.

"ಅಂದ್ರೆ?"

"ನಾಳೆ ನನ್ನ ಮುಂದೆ ಯಾವ ಕಡೆ ಮುಖ ಮಾಡಿ ಕೂರ್ತೀಯ?"

ಅವಳು ನನ್ನನ್ನು ನೋಡಿದಳು. ಅರ್ಥವಾಯಿತು.

"ಮೊದಲೇ ಕೊಟ್ಟು, ಆಮೇಲೆ ಮಗು ನಡೆಯದೇ ಹೋದರೆ?"

"ಕೊಟ್ಟದ್ದು ಕೊಟ್ಟ ಹಾಗೆ," ಎಂದೆ. "ವಾಪಸು ಕೇಳೋ ಹಾಗಿಲ್ಲ. ಅಷ್ಟು ಯೋಚನೆ ಮಾಡಿ ಕೂತ್ಕೋ."

ಅವಳು ಮಗುವಿನ ಬಾಯಿಂದ ನನ್ನ ಬಾಚಣಿಗೆ ಬಿಡಿಸಿ, ಒರೆಸಿ ನನ್ನ ಕೈಗೆ ಕೊಟ್ಟು ಹೋದಳು.

ಬೆಳಿಗ್ಗೆ ಊರು ಸಾಲು ನಿಲ್ಲಲಿಲ್ಲ, ಮುತ್ತಿಕೊಂಡಿತು. ಎಲ್ಲರ ಕೈಯಲ್ಲೂ ತಮ್ಮ ತಮ್ಮ ಹಗ್ಗ. ಅವಳು ಬಂದಳು. ನಿಲ್ಲಬೇಕಾದವಳು ಕೂತಳು. ಹಿತ್ತಿಲಿಗೆ ಮುಖ ಮಾಡಬೇಕಾದವಳು ಬನಕ್ಕೆ ಮುಖ ಮಾಡಿದಳು. ನಾನು ಬಟ್ಟಲು ತೆಗೆದೆ, ಅರಿಶಿನದ ನೀರಿನಲ್ಲಿ ಕೈ ಅದ್ದಿ ಅವಳ ನೆತ್ತಿಯಿಂದ ತುದಿಯವರೆಗೆ ನೆನೆಸಿದೆ. ಹಳದಿ ನೀರು ಅವಳ ಹಣೆಯ ಮೇಲೆ, ಕಿವಿಯ ಹಿಂದೆ ಇಳಿಯಿತು. ಇನ್ನೂರು ಕಣ್ಣು ನೋಡುತ್ತಿದ್ದವು. ನಮ್ಮ ಊರಿನಲ್ಲಿ ಮುಡಿ ಕೊಟ್ಟು ಎಷ್ಟು ವರ್ಷವಾಗಿತ್ತೆಂದರೆ, ಅದು ಹೇಗಿರುತ್ತದೆ ಎಂದು ಒಬ್ಬರಿಗೂ ನೆನಪಿರಲಿಲ್ಲ. ಪ್ರತಿ ಸಾಯಂಕಾಲ ದೀಪ ಹಚ್ಚುವ ಯಜಮಾನನಿಗೂ ಇರಲಿಲ್ಲ. ನಾನು ಹೆದರಿದ್ದು ಸುಮ್ಮನೆ. ಅವರು ಕೂದಲಿನ ಉದ್ದ ನೋಡುತ್ತಿದ್ದರು.

"ಯಾಕೋ ಒದ್ದೆ ಮಾಡ್ತೀಯ?" ಎಂದಳು ಅತ್ತೆ, ಒಬ್ಬಳೇ.

"ಸಿಕ್ಕು ಬಹಳ ಇದೆ ತಾಯಿ. ಒಣಗಿದ ಮೇಲೆ ಸರಿಹೋಗುತ್ತೆ."

ನನ್ನ ಬದುಕಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಅದೊಂದಕ್ಕೆ ನಾನು ಕ್ಷಮೆ ಕೇಳಿಲ್ಲ.

"ನನ್ನದು, ನನ್ನದು," ಎಂದು ಊರು ಶುರುಮಾಡಿತು. ಅವಳ ಕೂದಲಿಗೆ ಇವರ ಮಾತು ಇಳಿಯಲಿ ಎಂದು ಇನ್ನೂ ಜೋರಾಗಿ, ಕುತ್ತಿಗೆಯ ನರ ಉಬ್ಬಿಸಿಕೊಂಡು. ನಾನು ಮೊದಲ ಎಳೆ ತೆಗೆದೆ. ಎರಡನೆಯದು. ಮೂರನೆಯದು. ಅವಳ ತುಟಿ ಒಂದೇ ಸಲ ಅಲುಗಿತು. ಕಿವಿ ಇದ್ದವಳು ಕೇಳಿಸಿಕೊಂಡಳು.

ಉಳಿದದ್ದು ಬೇಗ ಮುಗಿಯಿತು. ಕೂದಲು ಬೀಳುತ್ತಿದ್ದ ಹಾಗೆ ಎಳೆದಾಡಿಕೊಂಡರು. ಯಜಮಾನ ಮೂರು ಜಡೆ ತೆಗೆದುಕೊಂಡ, ಅವನ ಹಿತ್ತಿಲಿಗೆ ಮೂಲೆ ಜಾಸ್ತಿಯಂತೆ. ಹೊತ್ತು ನೆತ್ತಿಗೆ ಬರುವ ಮೊದಲೇ ಊರಿನ ಒಂದೊಂದು ಹಗ್ಗದ ಮೇಲೂ ಅವಳು ತೂಗುತ್ತಿದ್ದಳು. ಅಂದು ಊರು ಒಬ್ಬಟ್ಟು ಮಾಡಿ ತಿಂದಿತು. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು ತನ್ನ ಹಿತ್ತಿಲಿನಲ್ಲಿ ಮಗುವಿಗೆ ಹರಿವೆ ಸೊಪ್ಪು ಬಿಡಿಸುವುದನ್ನು ಹೇಳಿಕೊಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವಾಗ ಜಿಂಕೆಗಳು ಬಂದವು.

ಎಂದಿನಂತೆ ಒಂದೊಂದಾಗಿ, ಕಿವಿ ನಿಮಿರಿಸಿ, ಅಂಚಿನಲ್ಲಿ ನಿಂತು ಬರಲಿಲ್ಲ. ಬೀದಿಯ ಮಧ್ಯದಲ್ಲಿ ಮಂದೆಯಾಗಿ ಬಂದವು. ಬಾಗಿಲಿಗೆ ಬಂದು ಕರೆದುಹೋದವರ ಮನೆಗೆ ಊಟಕ್ಕೆ ಬರುವ ನೆಂಟರಂತೆ, ಅವಸರವಿಲ್ಲದೆ, ತಡವೂ ಮಾಡದೆ. ಮೊದಲು ಹಗ್ಗದ ಬಳಿ ಹೋದವು. ಹಳದಿ ಒಣಗಿದ ಆ ಕೂದಲನ್ನು ಮೂಸಿದವು. ಮೆಲ್ಲಗೆ ಎಳೆದು ತಿಂದವು. ಅದು ಮುಗಿದ ಮೇಲೆ ಹಗ್ಗ ದಾಟಿ ಒಳಗೆ ಕಾಲಿಟ್ಟವು.

ಜನ ತಟ್ಟೆ ಬಡಿದರು, ಒನಕೆ ಹಿಡಿದು ಓಡಿಬಂದರು. "ಹೋಗು, ಹೋಗು, ನನ್ನದು, ನನ್ನದು!" ಜಿಂಕೆಗಳು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಬಾಯಿ ಹಾಕಿದವು. ಅವರೆ ಹೋಯಿತು. ಬಸಳೆ ಹೋಯಿತು. ಸೌತೆ, ಹೀರೆ, ಬದನೆ, ಗುಂಡಿಯಲ್ಲಿ ಕೊಳೆಯುತ್ತಿದ್ದದ್ದೂ ಹೋಯಿತು. ಇಷ್ಟು ವರ್ಷ ತಡೆದಿಟ್ಟ ಪಾಲನ್ನೆಲ್ಲ ತಾಯಿ ಒಂದೇ ಊಟಕ್ಕೆ ತೆಗೆದುಕೊಂಡಳು. ಯಜಮಾನ ಒಂದು ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮಣ್ಣಿನಲ್ಲಿ ಕೂತಿದ್ದ. ಒಂದು ಜಿಂಕೆ ಅವನ ಭುಜದ ಮೇಲಿಂದ ಕತ್ತು ಚಾಚಿ ಅದರ ಎಲೆ ತಿಂದಿತು. ದೊಡ್ಡ ಮನುಷ್ಯ ಎಷ್ಟು ಚಿಕ್ಕವನಾಗಿ ಕಾಣಬಲ್ಲ ಎಂದು ನನಗೆ ಅವತ್ತು ತಿಳಿಯಿತು.

ನಾನು ಮುಡಿಯವಳ ಹಿತ್ತಿಲಿಗೆ ಓಡಿದೆ. ಅವಳು ಹಿಂಬಾಗಿಲಿನಲ್ಲಿ ನಿಂತಿದ್ದಳು, ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು. ಹರಿವೆಯ ಮಡಿಯಲ್ಲಿ ಒಂದು ಹೆಣ್ಣು ಜಿಂಕೆ ತಲೆ ಬಗ್ಗಿಸಿ ಮೇಯುತ್ತಿತ್ತು. ಮಗು ತೆವಳಿಕೊಂಡು ಹೋಗಿ ಅದರ ಮುಂಗಾಲು ಹಿಡಿದಿತ್ತು. ಕಾಲು ಹಿಡಿಯಿತು, ಮಂಡಿ ಹಿಡಿಯಿತು, ಎದೆಯ ರೋಮಕ್ಕೆ ಕೈ ಹಾಕಿತು, ಎದ್ದು ನಿಂತಿತು. ಜಿಂಕೆ ಇನ್ನೊಂದು ಗಿಡಕ್ಕೆಂದು ಮುಂದೆ ಹೆಜ್ಜೆ ಇಟ್ಟಿತು. ಮಗುವೂ ಇಟ್ಟಿತು. ಜಿಂಕೆ ಇಟ್ಟಿತು, ಮಗು ಇಟ್ಟಿತು. ಆಮೇಲೆ ಜಿಂಕೆ ನಿಂತಿತು. ಮಗು ಕೈ ಬಿಟ್ಟು, ಅಮ್ಮನ ಕಡೆ ತಿರುಗಿ, ಒಂದು, ಎರಡು, ಮೂರು, ನಾಲ್ಕು. ಕುಕ್ಕರಿಸಿ ಬಿತ್ತು. ಬಿದ್ದು ನಕ್ಕಿತು.

ಅವಳು ಕೂಗಲಿಲ್ಲ. ಮಣ್ಣಿನಲ್ಲಿ ಕೂತು, ಮಗುವಿನ ಎರಡೂ ಪಾದಗಳನ್ನು ತನ್ನ ಬೋಳು ನೆತ್ತಿಗೆ ಒತ್ತಿಕೊಂಡಳು.

ಜಿಂಕೆಗಳು ಹೋದ ಮೇಲೆ ಊರು ಮತ್ತೆ ಜಗಲಿಯ ಮುಂದೆ ಸೇರಿತು. ಈ ಸಲ ನಾವಿಬ್ಬರು ಮಧ್ಯದಲ್ಲಿ. ಯಜಮಾನನ ಕೈಯಲ್ಲಿ ಅವನ ಖಾಲಿ ಹಗ್ಗವಿತ್ತು. ಹಗ್ಗದ ಮೇಲೆ ಹಳದಿ ಕಲೆ.

"ಇದೇನು?"

"ಅರಿಶಿನ," ಎಂದೆ.

"ಅರಿಶಿನ ಯಾಕೆ ಬಂತು?"

"ಮುಡಿ ತೆಗೆಯೋವಾಗ ಹಚ್ಚಬೇಕು ಸ್ವಾಮಿ. ಹಚ್ಚಿದೆ."

"ಮುಡಿನಾ!" ಅವನ ಧ್ವನಿ ಒಡೆಯಿತು. "ತಾಯಿಗೆ ಕೊಟ್ಟ ಮುಡಿನ ನಮ್ಮ ಹಗ್ಗಕ್ಕೆ ಕಟ್ಟಿಸಿದೆಯಾ? ಎಲ್ಲರ ಕಣ್ಣು ಕಟ್ಟಿ?"

"ನಿಮ್ಮ ಕಣ್ಣ ಮುಂದೇನೇ ಮಾಡಿದೆ. ಊರಿಗೆ ಕೊಟ್ಟರೆ ತಾಯಿಗೆ ಕೊಟ್ಟ ಹಾಗೆ ಅಂತ ನೀವೇ ಅಂದಿದ್ರಿ. ತಾಯಿಗೆ ಕೊಟ್ಟದ್ದನ್ನ ಊರಿಗೆ ಕೊಟ್ಟೆ."

ಯಾರೋ ಹಿಂದಿನಿಂದ ಮಣ್ಣುಹೆಂಟೆ ಎಸೆದರು. ನನ್ನ ಬೆನ್ನಿಗೆ ಬಿತ್ತು. ಹಗುರವಾಗಿತ್ತು. ಎಸೆಯುವುದರಲ್ಲೂ ಜಿಪುಣತನ.

"ಮಗು ನಡೀತು," ಎಂದಳು ಮುಡಿಯವಳು. ಆ ಜನಕ್ಕೆ ಅದನ್ನಾದರೂ ಹೇಳಬೇಕು ಎಂದು ಅವಳಿಗೆ ಅನ್ನಿಸಿರಬೇಕು. "ನಾಲ್ಕು ಹೆಜ್ಜೆ. ನಾನು ನೋಡಿದೆ. ಅತ್ತೆ, ನಡೀತು."

ಅತ್ತೆ ಮಗುವನ್ನು ನೋಡಿದಳು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಆ ಮುಖದಲ್ಲಿ ಏನೋ ಸಡಿಲವಾಯಿತು. ಆಮೇಲೆ ಅವಳ ಕಣ್ಣು ತನ್ನ ಹಿತ್ತಿಲಿನ ಬರಿಯ ಮಡಿಗಳ ಕಡೆ ಹೋಯಿತು. "ನಾಲ್ಕು ಹೆಜ್ಜೆಗೆ ನಾಲ್ಕು ಸಾಲು ಹರಿವೆ ಹೋಯ್ತಲ್ಲೇ, ಹಾಳಾದೋಳೆ," ಎಂದಳು.

ಯಜಮಾನ ಕಣ್ಣು ಮುಚ್ಚಿದ. "ಜಿಂಕೆ ಕಾಲು ಹಿಡಿದು ಎದ್ದ ಮಗು ಜಿಂಕೆಗೆ ಸೇರಿದ್ದು. ಅದಕ್ಕೆ ಊರಲ್ಲಿ ಜಾಗ ಇಲ್ಲ. ಅದರ ತಾಯಿಗೂ ಇಲ್ಲ. ಈ ಕತ್ತರಿಗೂ ಇಲ್ಲ. ಹೊರಗೆ ಹಾಕಿ."

ಹೊರಗೆ ಹಾಕುವುದಕ್ಕೂ ನಮ್ಮ ಊರಿನಲ್ಲಿ ಕ್ರಮವಿದೆ. ಹೊರಹೋಗುವವರು ಗಡಿಕಲ್ಲು ದಾಟುವ ತನಕ ಊರಿನವರೆಲ್ಲ ತಮ್ಮ ತಮ್ಮ ಬಾಗಿಲ ಮುಂದೆ ನಿಂತಿರಬೇಕು. ಕೂರಬಾರದು, ನೆರಳಿಗೆ ಸರಿಯಬಾರದು, ನೀರು ಕುಡಿಯಬಾರದು, ತಲೆಗೆ ಬಟ್ಟೆ ಹಾಕಬಾರದು. ಹೊರಹೋಗುವವರನ್ನು ಮುಟ್ಟಬಾರದು. ಒಬ್ಬರು ತಪ್ಪಿದರೂ ಹೊರಹಾಕಿದ್ದು ಸಲ್ಲುವುದಿಲ್ಲ. ಬೀದಿ ಉದ್ದವೇನಿಲ್ಲ. ದೊಡ್ಡವರು ನಡೆದರೆ ಒಂದು ಎಲೆಅಡಿಕೆ ಅಗಿಯುವಷ್ಟು ಹೊತ್ತು. ಎಲ್ಲರೂ ಬಾಗಿಲಿಗೆ ಬಂದು ನಿಂತರು.

ಮುಡಿಯವಳು ಒಂದು ಗಂಟು ಹೆಗಲಿಗೆ ಹಾಕಿಕೊಂಡಳು. ನಾನು ನನ್ನ ಚೀಲ ತೆಗೆದುಕೊಂಡೆ. ಗಂಡ ಒಂದು ಕಾಲು ಮುಂದೆ ಇಟ್ಟ.

"ನಿಲ್ಲೋ," ಎಂದಳು ಅತ್ತೆ.

ನಿಂತ.

ಮುಡಿಯವಳು ಬೀದಿಗೆ ಇಳಿದು, ಕಂಕುಳಿನ ಮಗುವನ್ನು ಕೆಳಗೆ ಇಳಿಸಿದಳು. ನೆಲದ ಮೇಲೆ ಇಳಿಸಿ, ಬೆರಳು ಕೊಟ್ಟಳು. ಮಗು ಬೆರಳು ಹಿಡಿದು ಎದ್ದಿತು. ನಾಲ್ಕು ಹೆಜ್ಜೆ ಇಟ್ಟಿತು, ಕೂತಿತು. ಅವಳು ನಿಂತಳು. ನಾನು ಹಿಂದೆ ನಿಂತೆ. ಮಗು ಎದ್ದಿತು, ಮೂರು ಹೆಜ್ಜೆ ಇಟ್ಟಿತು, ಕೂತಿತು.

ನಾಲ್ಕನೆಯ ಮನೆ ದಾಟುವಷ್ಟರಲ್ಲಿ ಬಿಸಿಲು ಸೂರು ಬಿಟ್ಟು ಬೀದಿಗೆ ಬಂದಿತ್ತು. ಸಾಲಾಗಿ ನಿಂತ ತಲೆಗಳು ಮೊದಲು ಹೊಳೆದವು, ಆಮೇಲೆ ಕೆಂಪಾದವು.

"ಎತ್ಕೊಂಡು ಹೋಗೇ!" ಎಂದು ಯಾರೋ ಕೂಗಿದರು.

ಅವಳು ತಿರುಗಲಿಲ್ಲ.

ಎಂಟನೆಯ ಮನೆಯ ಮುಂದೆ ಮಗುವಿಗೆ ಒಂದು ಇರುವೆ ಸಾಲು ಸಿಕ್ಕಿತು. ಅದರ ಪಕ್ಕ ಕೂತು, ಇರುವೆಗಳು ಎಲ್ಲಿಂದ ಬರುತ್ತವೆ ಎಂದು ನೋಡಿತು, ಎಲ್ಲಿಗೆ ಹೋಗುತ್ತವೆ ಎಂದು ನೋಡಿತು. ಊರು ನಿಂತಿತ್ತು. ಕೂದಲಿನ ಉದ್ದವನ್ನು ಕಣ್ಣಿನಲ್ಲಿ ಅಳೆದಿದ್ದ ಹೆಂಗಸು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. "ಯಾರಾದ್ರೂ ಹೋಗಿ ಅದನ್ನ ಎತ್ತಿ ಆಚೆ ಹಾಕ್ರಿ," ಎಂದಳು. "ಮುಟ್ಟಬಾರದು," ಎಂದ ಅವಳ ಗಂಡ. "ಕೋಲಿನಲ್ಲಿ ತಳ್ಳಿದರೆ?" ಎಂದಳು. "ಕೋಲು ಕೈಯಲ್ಲ." ಸುತ್ತ ನಾಲ್ಕು ಜನ ಗಂಭೀರವಾಗಿ ಅದನ್ನು ಯೋಚಿಸಿದರು. ಕೋಲು ತರಲು ಯಾರಾದರೂ ಒಳಗೆ ಹೋಗಬೇಕಿತ್ತು. ಒಳಗೆ ಹೋಗಬಾರದು. ಅಲ್ಲಿಗೆ ಆ ಶಾಸ್ತ್ರ ನಿಂತಿತು.

ನೆತ್ತಿಯ ಮೇಲೆ ಹೊತ್ತು ಬಂದಾಗ ನಾವು ಯಜಮಾನನ ಮನೆಯ ಮುಂದಿದ್ದೆವು. ಅವನ ತುಟಿ ಒಣಗಿತ್ತು, ತಲೆಯ ಮೇಲೆ ಬೆವರು ಹರಿದು ಹುಬ್ಬಿನಲ್ಲಿ ನಿಂತಿತ್ತು. ಅವನ ಹಿಂದೆ ಒಳಗೆ, ಕತ್ತಲಲ್ಲಿ, ನೀರಿನ ಹಂಡೆ ಕಾಣುತ್ತಿತ್ತು.

"ಎತ್ಕೊಂಡು ಹೋಗಮ್ಮ," ಎಂದ. ಮೊದಲ ಸಲ ಅವಳಿಗೆ ಅಮ್ಮ ಎಂದ. "ಕೈ ಮುಗೀತೀನಿ."

"ನಡೀಲಿ ಅಂತ ಹರಕೆ ಹೊತ್ತೋಳು ನಾನು," ಎಂದಳು ಅವಳು, ಮಗುವಿನ ಮೇಲಿಂದ ಕಣ್ಣು ತೆಗೆಯದೆ. "ಎತ್ಕೊಂಡೇ ಹೋಗೋ ಹಾಗಿದ್ರೆ ಕೂದಲು ಯಾಕೆ ಕೊಡ್ತಿದ್ದೆ?"

"ಎಷ್ಟು ಹೊತ್ತು ಆಗುತ್ತೆ?"

"ಅದನ್ನ ಅದರ ಕಾಲನ್ನೇ ಕೇಳಿ."

ನಾನು ತಾಯಿಯನ್ನು ಮನಸ್ಸಿನಲ್ಲಿ ಬೇಡಿಕೊಂಡೆ. ಇವರಿಗೆ ಹೆಚ್ಚು ಸಂಕಟ ಕೊಡಬೇಡ ಎಂದು ಬೇಡಬೇಕಿತ್ತು, ಅದು ನನ್ನ ಧರ್ಮ. ಮಗುವಿನ ಕಾಲಿಗೆ ದಣಿವಾಗದಿರಲಿ ಎಂದಷ್ಟೇ ಬೇಡಿದೆ.

ಬಿಸಿಲು ಪಡುವಣಕ್ಕೆ ವಾಲುತ್ತಿದ್ದಾಗ ಗಡಿಕಲ್ಲು ಕಾಣಿಸಿತು. ಅದಕ್ಕೆ ಎರಡು ಮಾರು ಈಚೆ ಮಗು ಕೂತಿತು. ಅಲ್ಲಿ ನೆಲದ ತುಂಬ ಬಣ್ಣಬಣ್ಣದ ಬೆಣಚುಕಲ್ಲಿನ ಚೂರುಗಳು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿತು. ಮುಡಿಯವಳು ಪಕ್ಕದಲ್ಲಿ ಕೂತಳು. ಹೊರಹೋಗುವವರು ಕೂರಬಾರದು ಎಂದು ಎಲ್ಲೂ ಇಲ್ಲ. ನಾನೂ ಚೀಲ ಇಳಿಸಿ ಕೂತೆ. ಹಿಂದೆ ಬೀದಿಯುದ್ದಕ್ಕೂ ಎರಡು ಸಾಲು ಕೆಂಪು ತಲೆಗಳು ನಮ್ಮನ್ನೇ ನೋಡುತ್ತಿದ್ದವು. "ಇನ್ನೆರಡೇ ಮಾರು!" ಎಂದು ಯಾರೋ ಕೂಗಿದರು. ದನಿ ಸೀಳಿಹೋಗಿತ್ತು. "ಇನ್ನೆರಡೇ ಮಾರು ಕಂದಾ! ಬಂಗಾರ! ಚಿನ್ನದಂಥ ಮಗುವೇ!"

ಅತ್ತೆಯ ದನಿ ಅದು.

ಮಗು ಬೆಣಚುಕಲ್ಲನ್ನು ನನ್ನ ಅಂಗೈಯಲ್ಲಿ ಇಟ್ಟಿತು. ಇನ್ನೊಂದು ಬೇಕೆನಿಸಿತೋ ಏನೋ, ಸುತ್ತ ನೋಡಿತು. ಯಾರ ಬೆರಳನ್ನೂ ಹಿಡಿಯದೆ, ಎರಡು ಕೈ ನೆಲಕ್ಕೂರಿ ಎದ್ದಿತು. ತೂಗಿತು, ನಿಂತಿತು. ಆಮೇಲೆ ಒಂದು, ಎರಡು, ಮೂರು, ನಾಲ್ಕು, ಐದು ಹೆಜ್ಜೆ, ಬಂದ ದಾರಿಯಲ್ಲೇ, ಊರಿನ ಕಡೆಗೆ ನಡೆಯಿತು.

ಮುಡಿಯವಳು ಕರೆಯಲಿಲ್ಲ.